ಅಪ್‌ಡೇಟ್: ಆಲ್ದೂರಿನ ಅಜ್ಜನ ಮನೆಗೆ ಹೋಗಿ ಬಂದೆ

ಹೋದ ವಾರ ಕೇಳಿದ್ದೆನಲ್ಲ: ಚಿಕ್ಕಮಗಳೂರಿನ ನಮ್ಮ ಕಾಫಿ ಖರೀದಿ ಅಂಗಡಿಯಲ್ಲಿ ಹರಿದ ಸ್ವೆಟರಿನ ಅಜ್ಜರೊಬ್ಬರನ್ನು ಗಂಟೆಗಟ್ಟಲೆ ನಿಲ್ಲಿಸಿ, ಕಾರಿನಲ್ಲಿ ಬಂದವರ ಮೂಟೆ ಮೊದಲು ತೂಗಿದೆ, ಈಗ ಹೇಗೆ ಕ್ಷಮೆ ಕೇಳಲಿ ಅಂತ.

‘ಅವರೇ ದೊಡ್ಡ ತೋಟದ ಯಜಮಾನರಿರಬಹುದು’ ಅಂದಿರಿ ಹಲವರು. ಅಲ್ಲ. ಅರ್ಧ ಎಕರೆ ಅರೇಬಿಕಾ ಕಾಫಿ, ಉಳಿದ ದಿನ ಕೂಲಿ. ಯಜಮಾನರಾಗಿದ್ದರಷ್ಟೇ ನನ್ನದು ತಪ್ಪಾಗುತ್ತಿತ್ತೇ?

ಕ್ಷಮೆ ಕೇಳಿದೆ. ‘ನಿಂತಿದ್ದಕ್ಕಲ್ಲ ಮಗ, ನೋಡದೇನೇ ನನ್ನ ಪಾರ್ಚ್‌ಮೆಂಟ್ ಹಸಿ ಅಂದ್ಯಲ್ಲ, ಅದು ನೋವಾಯ್ತು’ ಅಂದರು. (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ, ಒಳಹೊಟ್ಟು ಇನ್ನೂ ಇರೋ ಕಾಫಿ ಬೀಜ.) ಕಣದಲ್ಲಿ ತಾಸಿಗೊಮ್ಮೆ ಕೆದಕಿ, ಸಂಜೆ ಮಂಜು ಬೀಳೋ ಮೊದಲೇ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಒಣಗಿಸಿದ್ದು. ತೇವ ಅಳೆಯೋ ಮೀಟರ್ ಒಯ್ದಿದ್ದೆ, ಹಾಕಿ ನೋಡಿದೆ: ತೇವಾಂಶ ಸರಿಯಾಗಿ ಶೇ 10, ಇರಬೇಕಾದಷ್ಟೇ. ಕಾರಿನವರದ್ದು ಅಳೆದೇ ಇರಲಿಲ್ಲ ನಾನು.

ಅಜ್ಜಿ ಬೆಲ್ಲದ ಕಾಫಿ ಕೊಟ್ಟರು. ಈಗ ಅಂಗಡಿಯಲ್ಲಿ ಬಂದ ಸರದಿಯಲ್ಲೇ ತೂಕ, ಎಲ್ಲರದ್ದಕ್ಕೂ ಮೀಟರ್.