ಅಪ್‌ಡೇಟ್: ಡೀಸೆಲ್ ಪಿಕಪ್‌ನ ಕೂಲಂಟ್ ಫ್ಲಶ್ ಕೊನೆಗೂ ಮುಗೀತು

ಎಂಜಿನ್ ತಂಪಾಗಿಡುವ ದ್ರವ (ಕೂಲಂಟ್) ಖಾಲಿ ಮಾಡಿ ಒಳಗೆಲ್ಲ ತೊಳೆಯುವಾಗ ಎಷ್ಟು ನೀರು ಬಿಟ್ಟರೂ ರೇಡಿಯೇಟರ್‌ನಿಂದ ತುಕ್ಕಿನ ಬಣ್ಣವೇ ಬರುತ್ತಿದೆ, ಹೀಟರ್ ಕೂಡ ಬಿಸಿಯಾಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಈಗ ಎರಡೂ ಸರಿಹೋಗಿವೆ.

ಕೆಲಸಕ್ಕೆ ಬಂದಿದ್ದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಬಿಚ್ಚಿ ಎಂದವರ ಸಲಹೆ. ಅದು ಮುಚ್ಚಿದ್ದರೆ ನಾವು ಬಿಟ್ಟ ನೀರು ಎಂಜಿನ್ ಬ್ಲಾಕ್‌ನೊಳಗೆ ಸರಿಯಾಗಿ ಹೋಗೋದೇ ಇಲ್ಲ. ಬ್ಲಾಕ್‌ನ ಡ್ರೈನ್ ಪ್ಲಗ್ಗನ್ನೂ ತೆಗೆದೆ. ಅಬ್ಬಾ, ಎಂಥ ಕೆಸರು! ಹೀಟರ್‌ನ ಪೈಪುಗಳನ್ನು ಬಿಚ್ಚಿ, ಕಡಿಮೆ ಪ್ರೆಶರ್‌ನಲ್ಲಿ ಉಲ್ಟಾ ದಿಕ್ಕಿನಿಂದ ನೀರು ಬಿಟ್ಟ ಮೇಲೆ ಅದರ ದಾರಿಯೂ ಬಿಡಿಸಿಕೊಂಡಿತು. ಫ್ಲಶ್ ಕೆಮಿಕಲ್‌ನಿಂದ ಮಾತ್ರ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಗೊತ್ತಿಲ್ಲದ ಒಂದು ವಿಷಯ ತಿಳೀತು. ಎಷ್ಟೇ ಖಾಲಿ ಮಾಡಿದರೂ ಒಳಗೆ ಸ್ವಲ್ಪ ನೀರು ಉಳಿಯುತ್ತದೆ. ಅದರ ಮೇಲೆ ರೆಡಿ ಮಿಕ್ಸ್ (ಮೊದಲೇ ನೀರು ಬೆರೆಸಿದ) ಕೂಲಂಟ್ ಸುರಿದರೆ ತೆಳುವಾಗಿಬಿಡುತ್ತದೆ. ಕೂಲಂಟ್, ನೀರು 50:50 ಬೇಕಿದ್ದರೆ ಮೊದಲು ಒಟ್ಟು ಕೆಪಾಸಿಟಿಯ ಅರ್ಧದಷ್ಟು ನೀರು ಬೆರೆಸದ ಕೂಲಂಟ್ ಹಾಕಿ, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ವಾಟರ್. ಯಾವ ಕೂಲಂಟ್ ಎಂಬುದಕ್ಕೆ ಬಣ್ಣ ನೋಡಬೇಡಿ, ಮ್ಯಾನ್ಯುಯಲ್ ನೋಡಿ.

ಆಮೇಲೆ ಹೀಟರ್ ಫುಲ್ ಇಟ್ಟು ಎಂಜಿನ್ ಓಡಿಸಿ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ತೆಗೆದೆ. ತಣ್ಣಗಾದ ಮೇಲೆ ಲೆವೆಲ್ ಇಳಿದಿತ್ತು, ಮತ್ತೆ ತುಂಬಿಸಿದೆ. ಹಳೇ ಕೂಲಂಟನ್ನು ಸುಮ್ನೆ ತೆರೆದಿಡಬೇಡಿ, ನಾಯಿ ಬೆಕ್ಕು ನೆಕ್ಕುತ್ತವೆ, ಅದು ವಿಷ.