ದಿನಕ್ಕೊಂದು ಥರ ಆಗ್ತಿರೋ ಚಳಿಗಾಲ, 9 ದಿನದ ಮುಂದಿನ ಫೋರ್‌ಕಾಸ್ಟ್ ನಂಬಬಹುದಾ?

ಪ್ರಶ್ನೆ
ಎಲ್ರಿಗೂ ನಮಸ್ಕಾರ. ಈ ಸಲದ ಚಳಿಗಾಲ ಯಾಕೋ ಒಂದು ಹದಕ್ಕೆ ಬರ್ತಾನೇ ಇಲ್ಲ, ಮೊನ್ನೆ ಸ್ವೆಟರ್ ಬೇಡ ಅನ್ನೋ ಹಾಗಿತ್ತು, ನಿನ್ನೆ ಗಾಳಿ ಮಳೆ, ಇವತ್ತು ಎದ್ದು ನೋಡಿದ್ರೆ ಕಾರ್ ಗಾಜಿನ ಮೇಲೆಲ್ಲ ಐಸ್. ಇನ್ನು 9 ದಿನಕ್ಕೆ ಅಮ್ಮನ್ನ ಕರ್ಕೊಂಡು ಬೆಳಗಿನ ಜಾವ ಹೊರಟು 5 ಗಂಟೆ ಡ್ರೈವ್ ಮಾಡ್ಬೇಕು, ಅವರಿಗೆ ಆಸ್ತಮಾ ಬೇರೆ. ಆಪ್‌ನಲ್ಲಿ ಆ ದಿನಕ್ಕೆ ಬೆಳಿಗ್ಗೆ ಸ್ನೋ ಅಂತ ಇತ್ತು, ಮಧ್ಯಾಹ್ನ ನೋಡಿದ್ರೆ ಬಿಸಿಲು, ಈಗ ಮಳೆ 40%. ಯಾವುದನ್ನ ನಂಬ್ಲಿ?

ಉತ್ತರ 1
ಸದ್ಯಕ್ಕೆ ಯಾವುದನ್ನೂ ನಂಬ್ಬೇಡಿ. 5 ದಿನದವರೆಗಿನ ಫೋರ್‌ಕಾಸ್ಟ್ ಚೆನ್ನಾಗೇ ಇರುತ್ತೆ, 10 ದಿನ ದಾಟಿದ್ರೆ ಸುಮಾರು ಅರ್ಧಕ್ಕರ್ಧ ತಪ್ಪಾಗುತ್ತೆ. ಚಳಿಗಾಲದಲ್ಲಿ ಜೆಟ್ ಸ್ಟ್ರೀಮ್ ಅಂತ ಸುಮಾರು 10 ಕಿ.ಮೀ. ಮೇಲೆ ಜೋರಾಗಿ ಬೀಸೋ ಗಾಳಿ ಇರುತ್ತಲ್ಲ, ಅದು ಹಾವಿನ ಥರ ಬಳುಕ್ತಾ ಹೋದಾಗ ಒಂದು ಕಡೆ ಧ್ರುವದ ಚಳಿ ಕೆಳಗಿಳಿಯುತ್ತೆ, ಪಕ್ಕದಲ್ಲೇ ಬೆಚ್ಚಗಿನ ಗಾಳಿ ಮೇಲೇರುತ್ತೆ, ನೀವು ಆ ಎರಡರ ಗಡಿಯಲ್ಲಿದ್ರೆ ದಿನಕ್ಕೊಂದು ಹವಾಮಾನ ಗ್ಯಾರಂಟಿ. ಆ ಗಡಿ ನೂರು ಕಿ.ಮೀ. ಆಚೀಚೆ ಆದ್ರೂ ಸ್ನೋ ಬೀಳೋ ಜಾಗದಲ್ಲಿ ಮಳೆ ಬರುತ್ತೆ. ಶುರುವಿನ ಲೆಕ್ಕದಲ್ಲಿ ಚೂರು ವ್ಯತ್ಯಾಸ ಇದ್ರೂ ದಿನ ಕಳೆದ ಹಾಗೆ ಅದು ದೊಡ್ಡದಾಗುತ್ತೆ, 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಕಂಪ್ಯೂಟರ್‌ಗೆ 0.506127 ಬದಲು 0.506 ಅಂತ ಕೊಟ್ಟಿದ್ದಕ್ಕೇ ಮುಂದಿನ ಹವಾಮಾನ ಪೂರ್ತಿ ಬೇರೆ ಬಂದಿತ್ತು.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದ್ರೆ ನಂಗೆ ಮಳೆಗಿಂತ ನೀವು ಹೊರಡೋ ಟೈಮ್ ಬಗ್ಗೆನೇ ಭಯ. ಆಪ್‌ನಲ್ಲಿ ಕಾಣೋ ಟೆಂಪರೇಚರ್ ನೆಲದಿಂದ ಒಂದೂವರೆ ಎರಡು ಮೀಟರ್ ಮೇಲಿನ ಗಾಳಿದು. ಮೋಡ ಇಲ್ದೆ ಗಾಳಿನೂ ನಿಂತಿರೋ ರಾತ್ರಿ ನೆಲದ ಶಾಖ ಎಲ್ಲ ಮೇಲಕ್ಕೆ ಹೋಗ್ಬಿಡುತ್ತೆ, ಆಗ ಆಪ್ 3 ಡಿಗ್ರಿ ತೋರಿಸ್ತಿದ್ರೂ ರೋಡ್ 0 ಕೆಳಗೆ ಇರಬಹುದು. ಹಿಂದಿನ ದಿನ ಮಳೆ ಬಂದು ರಾತ್ರಿ ಮೋಡ ಸರಿದ್ರೆ ಅದೇ ತುಂಬಾ ಡೇಂಜರ್, ಟಾರ್ ಮೇಲೆ ಐಸ್ ಕಣ್ಣಿಗೇ ಕಾಣಲ್ಲ, ಬರೀ ಒದ್ದೆ ರೋಡ್ ಅನ್ಸುತ್ತೆ. ಸೇತುವೆಗಳ ಅಡಿಯಿಂದನೂ ಗಾಳಿ ಆಡೋದ್ರಿಂದ ಅವು ಮೊದ್ಲು ಹೆಪ್ಪುಗಟ್ಟುತ್ವೆ. ನಾನು ಒಂದ್ಸಲ ಹಂಗೇ ಸೇತುವೆ ಮೇಲೆ ಜಾರಿ ತಡೆಗೋಡೆಗೆ ಗುದ್ದಿದೀನಿ, ಪಕ್ಕದಲ್ಲಿ ಮಗಳಿದ್ಲು, ಅವತ್ತಿಂದ ಸೂರ್ಯ ಮೇಲೆ ಬರೋ ತನಕ ಹೊರಡೋದೇ ಇಲ್ಲ. ಅಮ್ಮನಿಗೆ ಮೂಗು ಬಾಯಿ ಮುಚ್ಚೋ ಹಾಗೆ ಸ್ಕಾರ್ಫ್ ಸುತ್ತಿ, ಇನ್‌ಹೇಲರ್ ಕಾರಲ್ಲಿ ಬಿಡ್ಬೇಡಿ, ತಣ್ಣಗಾದ್ರೆ ಸರಿಯಾಗಿ ಸ್ಪ್ರೇ ಆಗಲ್ಲ.

ಪ್ರಶ್ನೆ ಕೇಳಿದವರು
ರೋಡ್ ವಿಷಯ ನಿಜವಾಗ್ಲೂ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಮತ್ತೆ ಈ 40% ಅಂದ್ರೆ ದಿನದಲ್ಲಿ 40% ಹೊತ್ತು ಮಳೆನಾ?

ಉತ್ತರ 1
ಅಲ್ಲ. ಯುರೋಪಿನ ಹವಾಮಾನ ಫೋರ್‌ಕಾಸ್ಟ್ ಸೆಂಟರ್‌ನವರು (ECMWF) 1992ರಿಂದ ಒಂದೇ ಫೋರ್‌ಕಾಸ್ಟನ್ನ ಶುರುವಿನ ಲೆಕ್ಕ ಚೂರು ಚೂರು ಬದಲಾಯಿಸಿ ಹಲವು ಸಲ ಓಡಿಸ್ತಾರೆ, ಈಗ 50 ಸಲ. ಅದ್ರಲ್ಲಿ 20ರಲ್ಲಿ ಮಳೆ ಬಂದ್ರೆ ಹೆಚ್ಚುಕಮ್ಮಿ 40% ಅಂತ ಇಟ್ಕೊಳ್ಳಿ, ಎಷ್ಟು ಹೊತ್ತು ಎಷ್ಟು ಜೋರು ಅನ್ನೋದು ಅದ್ರಲ್ಲಿ ಇರಲ್ಲ. ಹೊರಡೋಕೆ 4 ದಿನ ಇರೋವಾಗ ನೋಡಿ, ಆಮೇಲೆ ದಿನಾ ಒಂದೇ ಹೊತ್ತಲ್ಲಿ ನೋಡಿ, ಮೂರು ದಿನ ಒಂದೇ ಮಾತು ಹೇಳಿದ್ರೆ ಧೈರ್ಯವಾಗಿ ಪ್ಲಾನ್ ಮಾಡಿ.

ಪ್ರಶ್ನೆ ಕೇಳಿದವರು
ಸರಿ, ಅಮ್ಮನ ಹತ್ರ ಮಾತಾಡ್ದೆ, ಮಳೆ ಬರ್ಲಿ ಬಿಡ್ಲಿ ಬೆಳಿಗ್ಗೆ 9ರ ಮೇಲೇ ಹೊರಡ್ತೀವಿ. ಹಿಂದಿನ ರಾತ್ರಿ ಮೋಡ ಸರಿದು ಚಳಿ ಜಾಸ್ತಿ ಆದ್ರೆ ಒಂದು ದಿನ ಮುಂದಕ್ಕೆ ಹಾಕ್ತೀವಿ.