ಸಹಾಯ ಬೇಕು: ಜಿಫೋರ್ಟ್ರಾನ್‌ನಲ್ಲಿ ಕಟ್ಟಿದ ಆರ್‌ಪ್ಯಾಕ್‌ಗೆ ಯಾವ ಬ್ಲಾಸ್ ಜೋಡಿಸಲಿ?

ಎಲ್ಲರಿಗೂ ನಮಸ್ಕಾರ.

ಉಬುಂಟುವಿನಲ್ಲಿ ದೊಡ್ಡ ಸ್ಪಾರ್ಸ್ ಮ್ಯಾಟ್ರಿಕ್ಸ್‌ಗಳ ಐಗನ್ ಮೌಲ್ಯಗಳನ್ನು ಕಂಡುಹಿಡಿಯಲು ನಾನು ಆರ್‌ಪ್ಯಾಕ್-ಎನ್‌ಜಿ ಲೈಬ್ರರಿಯನ್ನು ಜಿಫೋರ್ಟ್ರಾನ್ (ಗ್ನೂ ಫೋರ್ಟ್ರಾನ್ ಕಂಪೈಲರ್)‌ನಿಂದ ಕಂಪೈಲ್ ಮಾಡಿ, ಬ್ಲಾಸ್ (ವೆಕ್ಟರ್-ಮ್ಯಾಟ್ರಿಕ್ಸ್ ಲೆಕ್ಕಗಳ ಮೂಲ ರೂಟೀನ್‌ಗಳು) ಒದಗಿಸುವ ಇಂಟೆಲ್‌ನ ಎಂಕೆಎಲ್ ಲೈಬ್ರರಿಯ ಜೊತೆ ಲಿಂಕ್ ಮಾಡಿದ್ದೇನೆ. ಆರ್‌ಪ್ಯಾಕ್‌ನಲ್ಲಿ ವಾಸ್ತವ ಸಂಖ್ಯೆಗಳ ರೂಟೀನ್ ಡಿಎಸ್‌ಎಯುಪಿಡಿ ಸರಿಯಾದ ಉತ್ತರವನ್ನೇ ಕೊಡುತ್ತದೆ. ಕಾಂಪ್ಲೆಕ್ಸ್ ಸಂಖ್ಯೆಗಳ ಝಡ್‌ಎನ್‌ಎಯುಪಿಡಿಯನ್ನು ಕರೆದರೆ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್ ಬರುತ್ತದೆ. ಡಿಬಗರ್ ಜಿಡಿಬಿಯಲ್ಲಿ ನೋಡಿದಾಗ ಪ್ರತಿ ಸಲವೂ ಪ್ರೋಗ್ರಾಂ ನಿಲ್ಲುವುದು ಝಡ್‌ಡಾಟ್‌ಸಿ (ಕಾಂಪ್ಲೆಕ್ಸ್ ವೆಕ್ಟರ್‌ಗಳ ಡಾಟ್ ಗುಣಲಬ್ಧ ಹಿಂದಿರುಗಿಸುವ ಬ್ಲಾಸ್ ಫಂಕ್ಷನ್) ಒಳಗೆ.

ಕಾಂಪ್ಲೆಕ್ಸ್ ಫಲಿತಾಂಶವನ್ನು ಜಿಫೋರ್ಟ್ರಾನ್ ರಿಜಿಸ್ಟರ್‌ಗಳಲ್ಲಿ ನೇರವಾಗಿ ಹಿಂದಿರುಗಿಸಿದರೆ, ಇಂಟೆಲ್ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣದ ಮೊದಲ ಆರ್ಗ್ಯುಮೆಂಟ್‌ನ ಮೂಲಕ ಬರುತ್ತದೆ ಎಂದು ತಿಳಿದೆ. ನಾನು ಜೋಡಿಸಿದ್ದು ಎಂಕೆಎಲ್_ಇಂಟೆಲ್_ಎಲ್‌ಪಿ64, ಅಂದರೆ ಇಂಟೆಲ್ ಪದ್ಧತಿಯ ಇಂಟರ್‌ಫೇಸ್ ಪದರ. ಜೋಡಿಸಬೇಕಾಗಿದ್ದುದು ಜಿಫೋರ್ಟ್ರಾನ್ ಪದ್ಧತಿಯ ಎಂಕೆಎಲ್_ಜಿಎಫ್_ಎಲ್‌ಪಿ64 ಇರಬೇಕು. (ಎರಡು ದಿನ ನನ್ನ ಮ್ಯಾಟ್ರಿಕ್ಸನ್ನೇ ಅನುಮಾನಿಸುತ್ತ ಕಳೆದೆ.)

ಈಗ ಈ ಪದರವನ್ನಷ್ಟೇ ಬದಲಿಸಿದರೆ ಸಾಕೆ, ಅಥವಾ ಅದೇ ಜಿಫೋರ್ಟ್ರಾನ್‌ನಿಂದ ಓಪನ್‌ಬ್ಲಾಸ್ (ಮುಕ್ತ ಆಕರದ ಬ್ಲಾಸ್) ಕಟ್ಟಿಕೊಂಡು ಈ ಗೊಂದಲದಿಂದಲೇ ಪಾರಾಗುವುದು ಮೇಲೆ? ನನಗೆ ಎರಡನೆಯದರತ್ತ ಒಲವಿದೆ. ಆದರೆ ಉಳಿದ ಕೋಡ್ ಓಪನ್‌ಎಂಪಿ (ಹಲವು ಥ್ರೆಡ್‌ಗಳಿಗೆ ಕೆಲಸ ಹಂಚುವ ವ್ಯವಸ್ಥೆ) ಬಳಸುವುದರಿಂದ, ಎಂಕೆಎಲ್ ಉಳಿಸಿಕೊಂಡರೆ ಗ್ನೂವಿನ ಓಪನ್‌ಎಂಪಿ ಲೈಬ್ರರಿ ಲಿಬ್‌ಗಾಂಪ್ ಮತ್ತು ಇಂಟೆಲ್‌ನ ಲಿಬ್‌ಐಓಎಂಪಿ5 ಎರಡೂ ಒಟ್ಟಿಗೆ ಲೋಡ್ ಆಗದಂತೆ ಎಂಕೆಎಲ್_ಗ್ನೂ_ಥ್ರೆಡ್ ಪದರವನ್ನೂ ಆರಿಸಬೇಕಲ್ಲವೆ? ಇಂಥ ಜೋಡಣೆ ಮಾಡಿದವರು ದಯವಿಟ್ಟು ತಮ್ಮ ಲಿಂಕ್ ಸಾಲನ್ನು ಹಂಚಿಕೊಳ್ಳಬೇಕಾಗಿ ವಿನಂತಿ. ನನ್ನ ಎಲ್‌ಡಿಡಿ (ಪ್ರೋಗ್ರಾಂ ಬಳಸುವ ಲೈಬ್ರರಿಗಳನ್ನು ಪಟ್ಟಿಮಾಡುವ ಕಮಾಂಡ್) ಔಟ್‌ಪುಟ್ ಬೇಕಿದ್ದರೆ ಹಾಕುತ್ತೇನೆ.